ಎರಡು ಶ್ರಾವಣ, ಇಬ್ಬರು ಅಯ್ನೋರು

ನಮ್ಮೂರಿನ ಗುಡಿಯಲ್ಲಿ ದೇವರು ಒಬ್ಬನೇ, ಅರ್ಚಕರು ಮಾತ್ರ ಇಬ್ಬರು. ಇದರಿಂದ ಮಕ್ಕಳಾದ ನಮಗೆ ಆಗುತ್ತಿದ್ದ ಲಾಭ ಅಷ್ಟಿಷ್ಟಲ್ಲ.

ಊರಿನ ಹೆಸರು ಬೇಡ. ಕಂಪಲಾಪುರದ ಮಗ್ಗುಲಲ್ಲಿದೆ ಎಂದರೆ ಸಾಕು. ಮೈಸೂರು–ಮಡಿಕೇರಿ ರಸ್ತೆಯಲ್ಲಿ ಹುಣಸೂರು ದಾಟಿ, ಪಿರಿಯಾಪಟ್ಟಣ ಸಿಗುವುದಕ್ಕೆ ಮುಂಚೆ ಕಂಪಲಾಪುರ. ಅಲ್ಲಿ ಬಸ್ಸಿಳಿದು ಹೊಗೆಸೊಪ್ಪಿನ ಹೊಲಗಳ ನಡುವೆ ಒಂದಷ್ಟು ದೂರ ನಡೆದರೆ ನಮ್ಮೂರು. ಗುಡಿಯ ಹೆಸರೂ ಬೇಡ. ಆ ಇಬ್ಬರು ಅರ್ಚಕರ ಮೊಮ್ಮಕ್ಕಳು ಈಗ ವಾರಪತ್ರಿಕೆ ಓದುವ ವಯಸ್ಸಿಗೆ ಬಂದಿದ್ದಾರೆ. ಹಳೆಯ ವ್ಯಾಜ್ಯವನ್ನು ನಾನೇಕೆ ಮತ್ತೆ ಎಬ್ಬಿಸಲಿ?

ಅವರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಊರವರ ಬಾಯಲ್ಲಿ ಒಬ್ಬರು ದೊಡ್ಡಯ್ನೋರು, ಇನ್ನೊಬ್ಬರು ಚಿಕ್ಕಯ್ನೋರು. ತಾತನ ಕಾಲದಿಂದ ಬಂದ ಏರ್ಪಾಟಿನಂತೆ ಪೂಜೆಯನ್ನು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಮಾಡುತ್ತಿದ್ದರು. ಚೈತ್ರ ದೊಡ್ಡಯ್ನೋರದು, ವೈಶಾಖ ಚಿಕ್ಕಯ್ನೋರದು, ಜ್ಯೇಷ್ಠ ಮತ್ತೆ ದೊಡ್ಡಯ್ನೋರದು, ಹೀಗೆ. ನಮಗೆ ಈ ಮಾಸಗಳ ಹೆಸರೆಲ್ಲ ಬೇಕಿರಲಿಲ್ಲ. ದೊಡ್ಡಯ್ನೋರ ಮನೆಯವರು ಪುಳಿಯೋಗರೆಯಲ್ಲಿ ಎತ್ತಿದ ಕೈ, ಚಿಕ್ಕಯ್ನೋರ ಮನೆಯವರು ಪೊಂಗಲ್ಲಿನಲ್ಲಿ. ಆದ್ದರಿಂದ ನಮ್ಮ ಪಂಚಾಂಗದಲ್ಲಿ ಇದ್ದದ್ದು ಎರಡೇ ತಿಂಗಳು: ಪುಳಿಯೋಗರೆ ತಿಂಗಳು, ಪೊಂಗಲ್ ತಿಂಗಳು.

ಅಮಾವಾಸ್ಯೆಯ ಸಂಜೆ ಗುಡಿ ಕೈಬದಲಾಗುವುದನ್ನು ನೋಡಲು ನಾವು ಗರುಡಗಂಬದ ಕಟ್ಟೆಯ ಮೇಲೆ ಮೊದಲೇ ಜಾಗ ಹಿಡಿದು ಕೂರುತ್ತಿದ್ದೆವು. ತಟ್ಟೆ, ಲೋಟ, ಉದ್ಧರಣೆ, ಕವಚ ಒಂದೊಂದನ್ನೂ ಎಣಿಸಬೇಕು. ಎಣ್ಣೆ ಡಬ್ಬಕ್ಕೆ ಕಡ್ಡಿ ಇಳಿಸಿ ಎಷ್ಟಿದೆ ಎಂದು ನೋಡಬೇಕು. ಆಮೇಲೆ ಬೀಗದ ಕೈ. ಅದನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಇಳಿಯುವವರು ಬಲಿಪೀಠದ ಮೇಲೆ ಇಟ್ಟು ಆಚೆ ತಿರುಗುತ್ತಿದ್ದರು, ಏರುವವರು ಈಚೆಯಿಂದ ಬಂದು ಎತ್ತಿಕೊಳ್ಳುತ್ತಿದ್ದರು.

ಮಾತೂ ಹಾಗೇ. ನೇರ ಮಾತಿಲ್ಲ, ಏನಿದ್ದರೂ ದೇವರ ಮುಖಾಂತರ. ಚಿಕ್ಕಯ್ನೋರು ಗರ್ಭಗುಡಿಗೆ ಕಾಲಿಡುತ್ತಲೇ, "ಸ್ವಾಮೀ, ನಿನ್ನೆ ಹಾರ ಇನ್ನೂ ಕತ್ತಲ್ಲೇ ಇದೆಯಲ್ಲಪ್ಪ! ಒಂದು ತಿಂಗಳು ಹೇಗೆ ತಡೆದುಕೊಂಡೆ?" ಎನ್ನುತ್ತಿದ್ದರು. ಹೊರಗೆ ಕಾಲು ತೊಳೆಯುತ್ತಿದ್ದ ದೊಡ್ಡಯ್ನೋರು ಗೋಪುರದ ಕಡೆ ಮುಖ ಎತ್ತಿ, "ಭಗವಂತಾ, ಮಂತ್ರದ ಮಧ್ಯೆ ನುಂಗೋ ಜನ ಹಾರ ನೋಡ್ತಾರಂತೆ!" ಎನ್ನುತ್ತಿದ್ದರು. ದೇವರು ಇಬ್ಬರ ಮಾತನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ.

ಒಬ್ಬರು ಮೈಸೂರಿನಿಂದ ಹೊಸ ಗಂಟೆ ತಂದರೆ, ಮುಂದಿನ ಸರದಿಗೆ ಇನ್ನೊಬ್ಬರ ಕೈಯಲ್ಲಿ ಅದಕ್ಕಿಂತ ಒಂದು ಗೇಣು ದೊಡ್ಡದು. ಒಬ್ಬರು ಐದು ಬತ್ತಿಯ ಆರತಿ ಎತ್ತಿದರೆ ಇನ್ನೊಬ್ಬರು ಒಂಬತ್ತು ಬತ್ತಿ. ಪೊಂಗಲ್ಲಿಗೆ ಗೋಡಂಬಿ ಬಿದ್ದ ಸುದ್ದಿ ಕೇಳಿ ಪುಳಿಯೋಗರೆಗೆ ಕಡಲೆಕಾಯಿಬೀಜ ಎರಡು ಹಿಡಿ ಹೆಚ್ಚಾಯಿತು. ಇಂಥ ಜಗಳ ಇನ್ನೂ ನೂರು ವರ್ಷ ನಡೆಯಲಿ ಎಂದು ನಾವು ಆ ದೇವರಲ್ಲೇ ಕೇಳಿಕೊಳ್ಳುತ್ತಿದ್ದೆವು.

1985ರಲ್ಲಿ ನಾನು ನಾಲ್ಕನೇ ಕ್ಲಾಸು. ಆ ವರ್ಷ ಅಧಿಕ ಶ್ರಾವಣ ಬಂತು.

ಚಿಕ್ಕವರಿಗಾಗಿ ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಚಂದ್ರನನ್ನು ನೋಡಿ ಎಣಿಸುವ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365. ಪ್ರತಿ ವರ್ಷ 11 ದಿನ ಹಿಂದೆ ಬೀಳುತ್ತದೆ. ಹಾಗೇ ಬಿಟ್ಟರೆ ಯುಗಾದಿ ಒಂದು ದಿನ ಮಳೆಗಾಲದಲ್ಲಿ ಬಂದು ನಿಲ್ಲುತ್ತದೆ. ಅದಕ್ಕೇ ಎರಡು ಮುಕ್ಕಾಲು ವರ್ಷಕ್ಕೋ ಏನೋ ಒಂದು ಸಲ, ಸಂಕ್ರಮಣವೇ ಇಲ್ಲದ ತಿಂಗಳನ್ನು ಅಧಿಕ ಎಂದು ಕರೆದು, ಮುಂದಿನ ತಿಂಗಳಿನ ಹೆಸರನ್ನೇ ಅದಕ್ಕೂ ಇಟ್ಟು, ಲೆಕ್ಕ ಸರಿಮಾಡುತ್ತಾರೆ. ಮೊದಲನೆಯದು ಅಧಿಕ ಶ್ರಾವಣ, ಎರಡನೆಯದು ನಿಜ ಶ್ರಾವಣ. ಹಬ್ಬ, ವ್ರತ ಎಲ್ಲವೂ ನಿಜದಲ್ಲೇ. ಅಧಿಕದಲ್ಲಿ ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಯಾವ ದೇವತೆಯೂ ಒಡೆಯನಾಗಲು ಒಪ್ಪದ ಈ ತಿಂಗಳು ಅಳುತ್ತಾ ವಿಷ್ಣುವಿನ ಹತ್ತಿರ ಹೋಯಿತಂತೆ. ಅವನು ತನ್ನ ಪುರುಷೋತ್ತಮ ಎಂಬ ಹೆಸರನ್ನೇ ಕೊಟ್ಟು ಇಟ್ಟುಕೊಂಡನಂತೆ.

ನಮ್ಮೂರಿನಲ್ಲಿ ಅದಕ್ಕೆ ಒಡೆಯರು ಇಲ್ಲದೆ ಇರಲಿಲ್ಲ, ಅಗತ್ಯಕ್ಕಿಂತ ಒಬ್ಬರು ಹೆಚ್ಚಿಗೆ ಇದ್ದರು. ಇಬ್ಬರ ಅಪ್ಪಂದಿರೂ ತೀರಿಕೊಂಡು ಗುಡಿ ಇವರ ಕೈಗೆ ಬಂದ ಮೇಲೆ ಬಂದ ಮೊದಲ ಅಧಿಕ ಮಾಸ ಅದು. ಶ್ರಾವಣ ದೊಡ್ಡಯ್ನೋರ ಸರದಿ. "ಅಧಿಕ ಅನ್ನೋದು ತಿಂಗಳೇ ಅಲ್ಲ. ಎರಡೂ ಸೇರಿ ಒಂದೇ ಶ್ರಾವಣ. ಎರಡೂ ನನ್ನದೇ," ಎಂದರು ಅವರು. ಚಿಕ್ಕಯ್ನೋರು ಒಪ್ಪಲಿಲ್ಲ. "ಮೂವತ್ತು ದಿನ ಯಾರು ಪೂಜೆ ಮಾಡಿದರೋ ಅದು ಅವರದು ಒಂದು ಸರದಿ. ಅಧಿಕ ಅವರದಾದರೆ ನಿಜ ನನ್ನದು," ಎಂದರು.

ಹೊರಗಿನವರಿಗೆ ಇದು ನಗುವ ಮಾತು. ಅವರಿಬ್ಬರಿಗೆ ಇದು ಒಲೆಯ ಮಾತಾಗಿತ್ತು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗುಡಿಗೆ ಹಿಂದೆ ಮಾನ್ಯದ ಜಮೀನಿತ್ತು. 1955ರಲ್ಲಿ ಮೈಸೂರು ಸರ್ಕಾರ ಧಾರ್ಮಿಕ ಇನಾಂಗಳನ್ನು ರದ್ದು ಮಾಡುವ ಕಾಯಿದೆ ತಂದಿತು. ಜಮೀನು ಹೋಗಿ, ಅದರ ಬದಲಿಗೆ ವರ್ಷಕ್ಕಿಷ್ಟು ಎಂದು ತಸ್ತೀಕು ನಿಂತಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಹಾಗೆ ಸಿಕ್ಕವರಲ್ಲಿ ನನ್ನ ತಾತನೂ ಒಬ್ಬರು. ಆ ನೆಲದ ಹೊಗೆಸೊಪ್ಪಿನ ದುಡ್ಡಿನಲ್ಲೇ ನನ್ನ ಫೀಜು ಕಟ್ಟಿದ್ದು. ಆದರೆ ತಸ್ತೀಕಿನ ಹಣ ದೀಪದ ಎಣ್ಣೆಗೇ ಸಾಲುತ್ತಿರಲಿಲ್ಲ. ಉಳಿದದ್ದು ಮಂಗಳಾರತಿ ತಟ್ಟೆ. ತಟ್ಟೆಗೆ ನಾಲ್ಕು ಕಾಸು ಬೀಳುತ್ತಿದ್ದದ್ದು ಶ್ರಾವಣ ಶನಿವಾರಗಳಲ್ಲಿ. ಆ ವರ್ಷ ನಿಜ ಶ್ರಾವಣ ಶುರುವಾದದ್ದೇ ಶನಿವಾರ, ಆಗಸ್ಟ್ 17. ಮುಗಿದದ್ದೂ ಶನಿವಾರ. ಒಟ್ಟು ಐದು ಶನಿವಾರ. ಇಬ್ಬರ ಮನೆಯಲ್ಲೂ ಓದುವ ಮಕ್ಕಳಿದ್ದರು.

ಶುಕ್ರವಾರ ಅಮಾವಾಸ್ಯೆ. ಸಂಜೆ ನಾವೆಲ್ಲ ಕಟ್ಟೆಯ ಮೇಲೆ ಕೂತಿದ್ದೆವು. ದೊಡ್ಡಯ್ನೋರು ಪೂಜೆ ಮುಗಿಸಿ ಬಾಗಿಲು ಹಾಕಿದರು. ಬೀಗದ ಕೈ ಬಲಿಪೀಠದ ಮೇಲೆ ಬೀಳಲಿಲ್ಲ. ಅದನ್ನು ಜನಿವಾರಕ್ಕೆ ಕಟ್ಟಿಕೊಂಡು ಮನೆಗೆ ನಡೆದರು. ಚಿಕ್ಕಯ್ನೋರು ಬಲಿಪೀಠವನ್ನೇ ನೋಡುತ್ತ ನಿಂತಿದ್ದರು. ಆ ಹೊತ್ತು ಅವರು ದೇವರ ಹತ್ತಿರವೂ ಮಾತಾಡಲಿಲ್ಲ.

ಮಾರನೆಯ ದಿನ ನಸುಕಿಗೇ ಎರಡು ಕಡೆಯಿಂದ ಗಂಟೆ ಕೇಳಿಸಿತು. ಒಳಗೆ ದೊಡ್ಡಯ್ನೋರು. ಹೊರಗೆ ಗರುಡಗಂಬದ ಬುಡದಲ್ಲಿ ಮನೆಯ ಸಾಲಿಗ್ರಾಮ ಇಟ್ಟುಕೊಂಡು ಚಿಕ್ಕಯ್ನೋರು. ಒಳಗೂ ತೀರ್ಥ, ಹೊರಗೂ ತೀರ್ಥ. ಒಳಗೆ ಪುಳಿಯೋಗರೆ, ಹೊರಗೆ ಪೊಂಗಲ್. ಸುದ್ದಿ ಕಂಪಲಾಪುರದ ಬಸ್ ಸ್ಟ್ಯಾಂಡಿಗೂ ಮುಟ್ಟಿತು. ಎರಡನೇ ಶನಿವಾರ ಸುತ್ತಿನ ಹಳ್ಳಿಗಳಿಂದ ಜನ ಬಂದರು. ದೇವರನ್ನು ನೋಡಲೋ ಜಗಳ ನೋಡಲೋ ಎಂದು ಯಾರೂ ಕೇಳಲಿಲ್ಲ. ಬಂದವರು ಎರಡೂ ತಟ್ಟೆಗೆ ಹಾಕಲೇಬೇಕಲ್ಲ!

ಮಧ್ಯದಲ್ಲಿ ಗುಡಿಯ ಜಗಲಿಯ ಮೇಲೆ ಪಂಚಾಯಿತಿ ಸೇರಿತು. ಇಬ್ಬರೂ ಪಂಚಾಂಗ ತಂದಿದ್ದರು, ಒಂದೇ ಪಂಚಾಂಗದ ಎರಡು ಪ್ರತಿ. ಒಂದು ಗಂಟೆ ಹೊತ್ತು ವಾದ ನಡೆದ ಮೇಲೆ ಯಜಮಾನರಿಗೆ ದಿಕ್ಕು ತೋಚದೆ, ಕಂಬಕ್ಕೆ ಒರಗಿ ಕೂತಿದ್ದ ನಮ್ಮಜ್ಜಿಯನ್ನು ತಮಾಷೆಗೆ ಕೇಳಿದರು: "ನೀನೇ ಹೇಳವ್ವ, ಯಾರ ಪೂಜೆ ಸರಿ?"

ಅಜ್ಜಿ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ಎರಡ್ನೂ ಬಡ್ಸಿ ಸ್ವಾಮಿ, ತಿಂದ್ಬುಟ್ಟು ಹೇಳ್ತೀನಿ," ಎಂದಳು.

ಜಗಲಿಯೆಲ್ಲ ನಕ್ಕಿತು. ದೊಡ್ಡಯ್ನೋರ ಮುಖವೂ ಒಂದು ಗಳಿಗೆ ಸಡಿಲವಾಯಿತು. ತೀರ್ಮಾನ ಮಾತ್ರ ಆಗಲಿಲ್ಲ. ಅಜ್ಜಿ ಐದು ಶನಿವಾರವೂ ಒಳಗೆ ನಾಲ್ಕಾಣೆ, ಹೊರಗೆ ನಾಲ್ಕಾಣೆ ಹಾಕಿದಳು. ತಿಂಗಳ ಕೊನೆಯ ಅಮಾವಾಸ್ಯೆಗೆ ಬೀಗದ ಕೈ ತಾನಾಗಿ ಬಲಿಪೀಠದ ಮೇಲೆ ಬಂತು. ಗೆದ್ದವರು ಯಾರು ಎಂದರೆ ನಾವು ಹುಡುಗರು.

ಮುಂದೆ ಮೈಸೂರಿನಲ್ಲಿ ಬಿ.ಎ. ಓದುವಾಗ ಆಂತನಿ ಟ್ರಾಲಪ್ ಎಂಬ ಇಂಗ್ಲಿಷ್ ಲೇಖಕನ 'ಬಾರ್ಚೆಸ್ಟರ್ ಟವರ್ಸ್' ಎಂಬ ಕಾದಂಬರಿ ಕೈಗೆ ಬಂತು. 1857ರಲ್ಲಿ ಪ್ರಕಟವಾದದ್ದು. ಒಂದು ದೊಡ್ಡ ಚರ್ಚು, ಅದಕ್ಕೆ ಹೊಸದಾಗಿ ಬಂದ ಬಿಷಪ್ಪು, ಅವರನ್ನು ಆಳುವ ಹೆಂಡತಿ, ಅವರ ಸಹಾಯಕ ಪಾದ್ರಿ, ಇವರನ್ನೆಲ್ಲ ಕಂಡರಾಗದ ಹಳೆಯ ಪಾದ್ರಿ. ಯಾರ ಮಾತು ನಡೆಯಬೇಕು, ಯಾವ ಹುದ್ದೆ ಯಾರಿಗೆ ಎಂದು ಪುಸ್ತಕದ ತುಂಬ ಮುಸುಕಿನ ಗುದ್ದಾಟ. ಟ್ರಾಲಪ್ ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿದ್ದವನು. ಬೀದಿಯಲ್ಲಿ ನಿಲ್ಲಿಸುವ ಅಂಚೆ ಪೆಟ್ಟಿಗೆಯನ್ನು ಬ್ರಿಟನ್ನಿನವರಿಗೆ ಪರಿಚಯಿಸಿದ ಹೆಸರೂ ಅವನಿಗಿದೆ. ಅವನು ನಮ್ಮೂರಿಗೆ ಬಂದಿರಲಿಲ್ಲ ಎಂದು ನಂಬುವುದೇ ನನಗೆ ಕಷ್ಟವಾಯಿತು. ಬಿಷಪ್ಪಿನ ಜಾಗಕ್ಕೆ ದೊಡ್ಡಯ್ನೋರನ್ನು ಕೂರಿಸಿದರೆ ಮುಗಿಯಿತು, ಪುಳಿಯೋಗರೆಯೊಂದೇ ಕಡಿಮೆ.

ಆಮೇಲೆ ಎಲ್ಲಿ ಹೋದರೂ ನನ್ನ ಕಣ್ಣು ಇದನ್ನೇ ಹುಡುಕತೊಡಗಿತು. ವೈರಮುಡಿಗೆಂದು ಮೇಲುಕೋಟೆಗೆ ಹೋದಾಗ ತೆಂಗಲೆ, ವಡಗಲೆ ನಾಮಗಳ ವ್ಯತ್ಯಾಸ ತಿಳಿಯಿತು. ಒಂದರ ಪಾದ ಮೂಗಿನ ಮೇಲೆ ಇಳಿಯುತ್ತದೆ, ಇನ್ನೊಂದು ಹುಬ್ಬಿನ ಮಧ್ಯಕ್ಕೇ ತಿರುಗಿ ನಿಲ್ಲುತ್ತದೆ. ದೇವರ ಮುಂದೆ ಯಾವ ಶ್ಲೋಕ ಮೊದಲು ಹೇಳಬೇಕು ಎಂಬುದರಲ್ಲೂ ಎರಡು ಪಕ್ಷ. ತಮಿಳುನಾಡಿನ ಕಡೆ ಗುಡಿಯ ಆನೆಯ ಹಣೆಗೆ ಯಾವ ನಾಮ ಎಂದು ಕೋರ್ಟು ಹತ್ತಿದರು ಎಂಬ ಕತೆಯನ್ನು ಅಲ್ಲಿಯ ಹಿರಿಯರೊಬ್ಬರು ನಗುತ್ತಲೇ ಹೇಳಿದರು. ಪಾಪ, ಆನೆಯನ್ನು ಯಾರೂ ಕೇಳಲಿಲ್ಲ.

ಇಂಥದ್ದಕ್ಕೆ ಹಿರಿಯರು ಕಂಡುಕೊಂಡ ಮದ್ದೇ ಸರದಿ. ಉಡುಪಿಯಲ್ಲಿ ಎಂಟು ಮಠ, ಕೃಷ್ಣ ಒಬ್ಬ. ಮೊದಲು ಎರಡೆರಡು ತಿಂಗಳಿಗೆ ಪೂಜೆ ಕೈಬದಲಾಗುತ್ತಿತ್ತು. ವಾದಿರಾಜರು ಅದನ್ನು ಎರಡೆರಡು ವರ್ಷಕ್ಕೆ ಮಾಡಿದರು. ಒಂದು ಮಠಕ್ಕೆ ಮತ್ತೆ ಪರ್ಯಾಯ ಬರಲು ಹದಿನಾರು ವರ್ಷದ ಸುತ್ತು. ಅಲ್ಲಿ ಬೀಗದ ಕೈಯನ್ನು ಬಲಿಪೀಠದ ಮೇಲೆ ಇಡುವುದಿಲ್ಲ. ಇಳಿಯುವ ಸ್ವಾಮಿಗಳೇ ಏರುವ ಸ್ವಾಮಿಗಳ ಕೈಗೆ ಅಕ್ಷಯಪಾತ್ರೆ, ಸಟ್ಟುಗದ ಜೊತೆ ಒಪ್ಪಿಸುತ್ತಾರೆ.

ನಮ್ಮ ತಾಲ್ಲೂಕಿನಲ್ಲೇ ಇನ್ನೊಂದು ಬಗೆಯ ಮದ್ದು ಇದೆ. ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1960ರ ಆಚೀಚೆ ಟಿಬೆಟ್ಟಿನಿಂದ ಬಂದವರಿಗೆ ಅಲ್ಲಿ ಜಾಗ ಕೊಟ್ಟರು. 1419ರಲ್ಲಿ ಲ್ಹಾಸಾ ಹತ್ತಿರ ಹುಟ್ಟಿದ ಸೆರಾ ಮಠ ಈಗ ಅಲ್ಲೂ ಇದೆ. ಅದರಲ್ಲಿ ಎರಡು ವಿದ್ಯಾಲಯ, ಸೆರಾ ಜೇ, ಸೆರಾ ಮೇ. ಅಂಗಳದಲ್ಲಿ ಸನ್ಯಾಸಿಗಳ ವಾದ ನಡೆಯುವುದನ್ನು ನೀವು ಒಮ್ಮೆ ನೋಡಬೇಕು. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಕಾಲು ಎತ್ತಿ ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಚಟೀರೆಂದು ಹೊಡೆದು ಪ್ರಶ್ನೆ ಎಸೆಯುತ್ತಾನೆ. ಮೊದಲ ಸಲ ನೋಡಿದಾಗ ಹೊಡೆದಾಟವೇ ಶುರುವಾಯಿತು ಎಂದುಕೊಂಡು ನಾನು ಅಪ್ಪನ ಪಂಚೆ ಹಿಡಿದುಕೊಂಡಿದ್ದೆ. ಮುಗಿದ ಮೇಲೆ ನೋಡಿದರೆ ಇಬ್ಬರೂ ನಗುತ್ತ ಒಂದೇ ಬಾಗಿಲಿನಿಂದ ಹೋದರು. ಜಗಳವನ್ನೇ ಪಾಠ ಮಾಡಿಕೊಂಡ ಜನ!

2004ರಲ್ಲಿ ಅಧಿಕ ಶ್ರಾವಣ ಮತ್ತೆ ಬಂತು. ಹತ್ತೊಂಬತ್ತು ವರ್ಷಕ್ಕೊಮ್ಮೆ ಸೂರ್ಯ ಚಂದ್ರರ ಲೆಕ್ಕ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಸೇರುತ್ತದೆ. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ದೊಡ್ಡಯ್ನೋರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದರು. ಎರಡೂ ಶ್ರಾವಣ ಪೂರ್ತಿ ಚಿಕ್ಕಯ್ನೋರೇ ಪೂಜೆ ಮಾಡಿದ್ದರು. ಭಾದ್ರಪದ ಶುರುವಾದ ವಾರ ಊರಿಗೆ ಹೋಗಿದ್ದೆ. ಅಪ್ಪ ಕೊಟ್ಟ ಬಾಳೆಗೊನೆ ಕೊಡಲು ದೊಡ್ಡಯ್ನೋರ ಮನೆಗೆ ಹೋದಾಗ, ಅಲ್ಲಿ ಹೊಸ್ತಿಲ ಒಳಗೆ ಚಿಕ್ಕಯ್ನೋರು ನಿಂತಿದ್ದಾರೆ! ಕೈಯಲ್ಲಿ ಹಾರ್ಲಿಕ್ಸ್ ಡಬ್ಬ.

ಅವರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ತಿರುಪತಿ ತಿಮ್ಮಪ್ಪನಿಗೆ ಹೇಳಿದರು: "ಸ್ವಾಮೀ, ಎರಡು ಶ್ರಾವಣದ ತಟ್ಟೆಕಾಸು ಇದರಲ್ಲಿದೆ. ಸರದಿ ಯಾರದೋ ಅವರಿಗೆ ಸೇರಬೇಕು."

ದೊಡ್ಡಯ್ನೋರು ಮಲಗಿದ್ದಲ್ಲಿಂದಲೇ ತಿಮ್ಮಪ್ಪನಿಗೆ ಹೇಳಿದರು: "ಭಗವಂತಾ, ಮೂವತ್ತು ದಿನ ಯಾರು ಪೂಜೆ ಮಾಡಿದರೋ ಅದು ಅವರ ಸರದಿ. ಹಿಂದೆ ಪಂಚಾಯಿತೀಲಿ ಯಾರೋ ಹೀಗೆ ಹೇಳಿದ ಹಾಗಿತ್ತು."

ಚಿಕ್ಕಯ್ನೋರು ಕ್ಯಾಲೆಂಡರನ್ನು ಬಿಟ್ಟು ಮಂಚದ ಕಡೆ ತಿರುಗಿದರು. "ಎರಡೂ ಸೇರಿ ಒಂದೇ ಶ್ರಾವಣ, ಎರಡೂ ನನ್ನದೇ ಅಂತ ನೀನು ಹೇಳಿದ್ದೆಯಲ್ಲಣ್ಣ!"

"ನೀನು ಒಪ್ಪಿದ್ದೆಯೇನೋ ಆಗ?"

"ಈಗ ಒಪ್ತಿದೀನಿ."

"ಈಗ ನಾನು ಒಪ್ಪಲ್ಲ. ನೀನು ಹೇಳಿದ್ದೇ ಶಾಸ್ತ್ರ. ತೊಗೊಂಡು ಹೋಗು."

"ನೀನು ಹೇಳಿದ್ದೇ ಶಾಸ್ತ್ರ. ಇಟ್ಕೋ."

ದನಿ ಏರಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು. ಹತ್ತೊಂಬತ್ತು ವರ್ಷದ ಹಿಂದೆ ಜಗಲಿಯ ಮೇಲೆ ಕೇಳಿದ್ದ ಮಾತುಗಳೇ ಎಲ್ಲ. ಅವರದನ್ನು ಇವರು ಆಡುತ್ತಿದ್ದರು, ಇವರದನ್ನು ಅವರು. ಡಬ್ಬ ಮಂಚದ ಮೇಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಮಂಚಕ್ಕೆ ಓಡಾಡಿತು. ಕೊನೆಗೆ ದೊಡ್ಡಯ್ನೋರ ಮನೆಯವರು ಒಳಗಿನಿಂದ ಬಂದು ಡಬ್ಬ ಕಿತ್ತುಕೊಂಡು, ಮೊರಕ್ಕೆ ಸುರಿದು, ಎರಡು ಪಾಲು ಮಾಡಿ, "ಇಬ್ಬರೂ ಬಾಯ್ಮುಚ್ಚಿ ಕಾಫಿ ಕುಡೀರಿ," ಎಂದರು. ಕುಡಿದರು. ಅಣ್ಣ, ಏನೋ ಎಂದು ಅವರು ನೇರ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಲೋಟ ಕೆಳಗಿಡುತ್ತಾ ದೊಡ್ಡಯ್ನೋರು, "ಪೊಂಗಲ್ಲಿಗೆ ಮೆಣಸು ಜಾಸ್ತಿ ಹಾಕ್ತಾರಂತೆ ಈಗ," ಎಂದರು. ಈ ಮಾತನ್ನು ಅವರು ತಿಮ್ಮಪ್ಪನಿಗೇ ಹೇಳಿದ್ದು.

ಈಗ ಇಬ್ಬರೂ ಇಲ್ಲ. ಮಕ್ಕಳು ಬೆಂಗಳೂರು, ಮೈಸೂರು ಸೇರಿ ಚೆನ್ನಾಗಿದ್ದಾರೆ. ಓದಲಿ ಎಂದು ತಟ್ಟೆಕಾಸು ಎಣಿಸಿದ್ದು ಅದಕ್ಕೇ ತಾನೆ? ಗುಡಿಗೆ ಬೇರೆ ಊರಿನ ಅರ್ಚಕರೊಬ್ಬರು ಸ್ಕೂಟರಿನಲ್ಲಿ ಬರುತ್ತಾರೆ. ಅವರಿಗೆ ಇನ್ನೂ ಎರಡು ಗುಡಿ ಇವೆ. ವರಮಾನ ವರ್ಷಕ್ಕೆ 5 ಲಕ್ಷದೊಳಗಿನ ಮುಜರಾಯಿ ಗುಡಿಗಳೆಲ್ಲ ಸಿ ವರ್ಗ. 2023ರಲ್ಲಿ ಅಂಥ ಗುಡಿಯ ತಸ್ತೀಕು ವರ್ಷಕ್ಕೆ 60,000 ರೂಪಾಯಿ, ಅಂದರೆ ತಿಂಗಳಿಗೆ 5,000. ಅವರ ಅವಸರವನ್ನು ನಾನು ತಪ್ಪು ಎನ್ನಲಾರೆ. ಇಪ್ಪತ್ತು ನಿಮಿಷದಲ್ಲಿ ಪೂಜೆ ಮುಗಿಯುತ್ತದೆ. ಬೀಗದ ಕೈ ಎದುರಿನ ಅಂಗಡಿಯಲ್ಲಿರುತ್ತದೆ. ಜಗಳವಿಲ್ಲ. ನಿನ್ನೆಯ ಹಾರ ಕತ್ತಿನಲ್ಲೇ ಇದ್ದರೂ ದೇವರ ಹತ್ತಿರ ಹೇಳುವವರಿಲ್ಲ.

2023ರಲ್ಲಿ ಅಧಿಕ ಶ್ರಾವಣ ಮೂರನೇ ಸಲ ಬಂತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಆ ಸಲ ನಿಜ ಶ್ರಾವಣದ ಒಂದು ಶನಿವಾರ ಊರಿಗೆ ಹೋದೆ. ಗುಡಿಯ ಮುಂದೆ ಎರಡು ಕಾರು ನಿಂತಿದ್ದವು. ಒಂದರಲ್ಲಿ ದೊಡ್ಡಯ್ನೋರ ಮೊಮ್ಮಗ, ಇನ್ನೊಂದರಲ್ಲಿ ಚಿಕ್ಕಯ್ನೋರ ಮೊಮ್ಮಗಳು. ಇಬ್ಬರೂ ಮಾತಾಡಿಕೊಂಡೇ ಬಂದಿದ್ದರು, ವರ್ಷಕ್ಕೊಂದು ಶ್ರಾವಣ ಶನಿವಾರವಾದರೂ ಸೇವೆ ಮಾಡಿಸೋಣ ಎಂದು. ಅವನ ಕೈಯಲ್ಲಿ ಪುಳಿಯೋಗರೆಯ ಡಬ್ಬ, ಅವಳ ಕೈಯಲ್ಲಿ ಪೊಂಗಲ್ಲಿನ ಪಾತ್ರೆ. ನೈವೇದ್ಯವಾದ ಮೇಲೆ ಗರುಡಗಂಬದ ಕಟ್ಟೆಯ ಮೇಲೆ ಕೂತೆವು. ಊರಿನ ಏಳೆಂಟು ಹುಡುಗರು ಎಲ್ಲಿದ್ದರೋ, ಬಂದು ಸುತ್ತ ನಿಂತರು.

"ಅಜ್ಜಿ ಹೇಳಿಕೊಟ್ಟ ಪುಳಿಯೋಗರೆ ಗೊಜ್ಜು ಇದು. ಇದರ ಮುಂದೆ ಪೊಂಗಲ್ ಎಲ್ಲ ಏನೂ ಇಲ್ಲ," ಎಂದ ಅವನು.

"ನಿಮ್ಮ ಮನೆಯವರು ಹಾಗೇ ಹೇಳಿಕೊಂಡು ಬಂದಿದ್ದು," ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಚಿಕ್ಕಂದಿನಿಂದ ಎರಡನ್ನೂ ತಿಂದಿದ್ದೀರಲ್ಲ, ನೀವೇ ಹೇಳಿ. ಯಾವುದು ಚೆನ್ನಾಗಿದೆ?" ಎಂದಳು.

ನಾನು ಮುತ್ತುಗದ ಎಲೆಯನ್ನು ಮುಂದಕ್ಕೆ ಚಾಚಿದೆ.

"ಎರಡ್ನೂ ಬಡ್ಸಿ. ತಿಂದ್ಬುಟ್ಟು ಹೇಳ್ತೀನಿ."